ಹುಳುವಿನ ಕಿವಿ, ಹುಳುವಿನ ನರ

ಮುಂಗಾರು ಹನಿದು ನಾಲ್ಕು ದಿನ ಕಳೆಯಿತೆಂದರೆ ಸಾಕು, ರಾತ್ರಿ ಹೊತ್ತು ಹೊಲದ ಬದುವಿನಲ್ಲಿ, ಹಿತ್ತಿಲ ಕಲ್ಲಿನ ಸಂದಿಯಲ್ಲಿ, ಬಣವೆಯ ಬುಡದಲ್ಲಿ ಚಿಮ್ಮಂಡೆಗಳ ಕೂಗು ಏಳುತ್ತದೆ. ಕೆಲವು ಕಡೆ ಇದನ್ನು ಚಿಮ್ಮಂಡೆ ಅಂತಾರೆ, ಕೆಲವು ಕಡೆ ಜೀರುಂಡೆ ಅಂತಾರೆ. ಹಗಲು ಹೊತ್ತಿನಲ್ಲಿ ಮರಕ್ಕೆ ಅಂಟಿಕೊಂಡು ಕಿವಿ ತೂತಾಗುವ ಹಾಗೆ ಕಿರ್ರೆನ್ನುವ ಹುಳುವಿಗೂ ಜೀರುಂಡೆ ಅಂತಲೇ ಹೆಸರು. ಅದು ಬೇರೆ ಜಾತಿ. ನಾವು ಇವತ್ತು ಹೇಳಹೊರಟಿರುವುದು ನೆಲದ ಮೇಲೆ ಓಡಾಡುವ, ಉದ್ದ ಮೀಸೆಯ, ಕಪ್ಪು ಇಲ್ಲವೆ ಕಂದು ಬಣ್ಣದ ಚಿಮ್ಮಂಡೆಯ ವಿಷಯ.

ಒಂದು ಪ್ರಶ್ನೆ ಕೇಳುತ್ತೇವೆ, ಯೋಚನೆ ಮಾಡಿ. ಕತ್ತಲೆಯ ಹೊಲದಲ್ಲಿ ಹತ್ತು ಜಾತಿಯ ಹುಳುಗಳು ಏಕಕಾಲಕ್ಕೆ ಕೂಗುತ್ತವೆ. ಕಪ್ಪೆಗಳು ವಟಗುಟ್ಟುತ್ತವೆ. ಗಾಳಿಗೆ ಜೋಳದ ಗರಿ ಸದ್ದು ಮಾಡುತ್ತದೆ. ಸಂತೆಗಿಂತ ದೊಡ್ಡ ಈ ಗದ್ದಲದಲ್ಲಿ ಒಂದು ಹೆಣ್ಣು ಚಿಮ್ಮಂಡೆ ತನ್ನ ಜಾತಿಯ ಗಂಡಿನ ಕೂಗನ್ನು ಮಾತ್ರ ಆರಿಸಿಕೊಂಡು, ಅದು ಬಂದ ದಿಕ್ಕನ್ನೇ ಹಿಡಿದು, ನೆಟ್ಟಗೆ ಅದರ ಬಿಲದ ಬಾಯಿಗೆ ಬಂದು ನಿಲ್ಲುತ್ತದೆ. ಅದರ ಮಿದುಳು ಸಾಸಿವೆ ಕಾಳಿನಷ್ಟು. ಅಷ್ಟರಲ್ಲಿ ಇಷ್ಟು ಕೆಲಸ ಹೇಗಾಯಿತು?

"ಹುಳುವಿನ ಕಿವಿ ಕಟ್ಟಿಕೊಂಡು ನಮಗೇನಾಗಬೇಕು ಸ್ವಾಮಿ, ಅದು ಸಸಿಮಡಿಯಲ್ಲಿ ಎಳೆ ಸಸಿ ಕತ್ತರಿಸದೇ ಇದ್ದರೆ ಸಾಕು" ಅಂತ ನೀವು ಅನ್ನಬಹುದು. ಆ ಮಾತೂ ಸರಿಯೇ. ಆದರೆ ಈ ವಿಷಯ ನಿಮ್ಮ ಹಣದ ಚೀಲಕ್ಕೆ, ನಿಮ್ಮ ಬೆಳೆಗೆ, ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಮೈಗೆ ಸಂಬಂಧಪಟ್ಟದ್ದು. ಹೇಗೆ ಅನ್ನುವುದು ಕೊನೆಗೆ ತಾನಾಗಿಯೇ ತಿಳಿಯುತ್ತದೆ. ಮೊದಲು ಕೂಗಿನ ಸಂಗತಿ ನೋಡೋಣ.

ಚಿಮ್ಮಂಡೆಗಳಲ್ಲಿ ಕೂಗುವುದು ಗಂಡು ಮಾತ್ರ. ಅದೂ ಬಾಯಿಂದ ಅಲ್ಲ, ರೆಕ್ಕೆಯಿಂದ. ಒಂದು ಮುಂರೆಕ್ಕೆಯ ಅಡಿಯಲ್ಲಿ ಅರದ ಹಲ್ಲಿನಂತೆ ನೂರಕ್ಕೂ ಹೆಚ್ಚು ಸಣ್ಣ ಹಲ್ಲುಗಳ ಸಾಲು ಇದೆ. ಇನ್ನೊಂದು ರೆಕ್ಕೆಯಲ್ಲಿ ಗಟ್ಟಿಯಾದ ಅಂಚು ಇದೆ. ರೆಕ್ಕೆ ಮುಚ್ಚುವಾಗ ಅಂಚು ಹಲ್ಲಿನ ಮೇಲೆ ಉಜ್ಜಿ ರೆಕ್ಕೆಯೆಲ್ಲ ಅದುರಿ ಧ್ವನಿ ಹುಟ್ಟುತ್ತದೆ. ವಿಜ್ಞಾನಿಗಳು ಬಹಳವಾಗಿ ಪರೀಕ್ಷೆ ಮಾಡಿರುವುದು ರೆಕ್ಕೆಯ ಬುಡದಲ್ಲಿ ಎರಡು ತೆಳುಚುಕ್ಕೆ ಇರುವ ಕರಿ ಚಿಮ್ಮಂಡೆಯನ್ನು. ಶಾಸ್ತ್ರದಲ್ಲಿ ಅದಕ್ಕೆ ಗ್ರಿಲ್ಲಸ್ ಬೈಮ್ಯಾಕುಲೇಟಸ್ ಅಂತ ಹೆಸರು. ನಮ್ಮ ದೇಶದಲ್ಲೂ ಅದು ಉಂಟು. ಅದರ ರೆಕ್ಕೆ ಸೆಕೆಂಡಿಗೆ ಸುಮಾರು 5,000 ಸಲ ಅದುರುತ್ತದೆ. ನಮಗೆ 'ಕ್ರೀ' ಎಂದು ಒಂದೇ ಸ್ವರದಂತೆ ಕೇಳಿಸುವ ಕೂಗಿನಲ್ಲಿ ನಿಜವಾಗಿ ಮೂರು, ನಾಲ್ಕು ತುಂಡುಗಳು ಇವೆ. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ, ಸುಮಾರು 20 ಪಾಲು ಹೊತ್ತು ಸದ್ದು, 20 ಪಾಲು ಹೊತ್ತು ಮೌನ, ಮತ್ತೆ 20 ಪಾಲು ಸದ್ದು. ಈ ಸದ್ದು ಮೌನಗಳ ಲೆಕ್ಕವೇ ಆ ಜಾತಿಯ ಗುರುತು. ಬೇರೆ ಜಾತಿಗೆ ಬೇರೆ ಲೆಕ್ಕ.

ಕೂಗುವುದಕ್ಕೆ ಗಂಡು ಎಷ್ಟು ಶ್ರಮಪಡುತ್ತದೆ ಅನ್ನುವುದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. ಕುರುಚಲು ಗಿಡಗಳ ಮೇಲೆ ಇರುವ ತೆಳುಮೈಯ ಒಂದು ಮರಚಿಮ್ಮಂಡೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ಸಂಗಡಿಗರು ಹಲವು ವರ್ಷ ಅಭ್ಯಾಸ ಮಾಡಿದ್ದಾರೆ. ಇದರಲ್ಲಿ ಕೆಲವು ಗಂಡುಗಳು ಎಲೆಯ ನಡುವೆ ಕಡಿದು ತೂತು ಮಾಡಿ, ಆ ತೂತಿನಲ್ಲಿ ನಿಂತು ಕೂಗುತ್ತವೆ. ಎಲೆ ಅಡ್ಡವಿರುವುದರಿಂದ ರೆಕ್ಕೆಯ ಮುಂದಿನ ಗಾಳಿ, ಹಿಂದಿನ ಗಾಳಿ ಕಲೆತು ಸದ್ದು ಅಳಿದುಹೋಗುವುದು ತಪ್ಪುತ್ತದೆ. ಕೂಗು ದೂರ ಹೋಗುತ್ತದೆ. ಮೈಯಲ್ಲಿ ಚಿಕ್ಕವಾದ, ಗಂಟಲು ಸಣ್ಣದಾದ ಗಂಡುಗಳೇ ಈ ಉಪಾಯವನ್ನು ಹೆಚ್ಚಾಗಿ ಮಾಡುತ್ತವೆ ಎಂದು 2020ರಲ್ಲಿ ಅವರು ಪ್ರಕಟಿಸಿದರು.

ಇನ್ನು ಕೇಳುವವಳ ಕಡೆಗೆ ಬರೋಣ. ಹೆಣ್ಣು ಚಿಮ್ಮಂಡೆ ಗಂಡಿನ ಹತ್ತಿರ ಬರುವುದು ವಾಸನೆಗೋ, ಕಣ್ಣಿಗೆ ಕಂಡೋ, ಕೂಗು ಕೇಳಿಯೋ? ವಿಯೆನ್ನಾ ನಗರದಲ್ಲಿದ್ದ ಯೋಹಾನ್ ರೇಗೆನ್ ಎಂಬ ವಿಜ್ಞಾನಿ 1913ರಲ್ಲಿ ಇದನ್ನು ಬಹಳ ಸರಳವಾಗಿ ತೀರ್ಮಾನ ಮಾಡಿದ. ಒಂದು ಕೋಣೆಯಲ್ಲಿ ಗಂಡು ಕೂಗುತ್ತಿತ್ತು. ಆ ಕೂಗನ್ನು ಟೆಲಿಫೋನ್ ತಂತಿಯ ಮೂಲಕ ಇನ್ನೊಂದು ಕಡೆಗೆ ಕಳುಹಿಸಿದ. ಅಲ್ಲಿದ್ದ ಹೆಣ್ಣುಗಳು ಟೆಲಿಫೋನಿನ ಕೇಳುವ ಕೊಳವೆಯ ಕಡೆಗೇ ನಡೆದುಬಂದವು. ವಾಸನೆಯೂ ಇಲ್ಲ, ಆಕಾರವೂ ಇಲ್ಲ, ಧ್ವನಿಯೊಂದೇ ಸಾಕಾಯಿತು.

ಹಾಗಾದರೆ ಕಿವಿ ಎಲ್ಲಿದೆ? ತಲೆಯಲ್ಲಿ ಹುಡುಕಬೇಡಿ, ಅಲ್ಲಿಲ್ಲ. ಚಿಮ್ಮಂಡೆಯ ಕಿವಿ ಮುಂಗಾಲಿನಲ್ಲಿ, ಮೊಣಕಾಲಿನ ಕೆಳಗೆ ಇದೆ. ಗಸಗಸೆ ಕಾಳಿನಷ್ಟಗಲವೂ ಇಲ್ಲದ ಒಂದು ತೆಳುಪೊರೆ ತಮಟೆಯ ಚರ್ಮದ ಹಾಗೆ ಬಿಗಿದುಕೊಂಡಿರುತ್ತದೆ. ಅದರ ಹಿಂದೆ ಗಾಳಿಯ ಕೊಳವೆ. ಈ ಕೊಳವೆ ಕಾಲಿನ ಉದ್ದಕ್ಕೂ ಮೇಲೆ ಹೋಗಿ, ಎದೆಯ ಪಕ್ಕದಲ್ಲಿ ಹೊರಕ್ಕೆ ಬಾಯಿ ತೆರೆಯುತ್ತದೆ. ಎಡಗಾಲಿನ ಕೊಳವೆ ಬಲಗಾಲಿನ ಕೊಳವೆಗೂ ಎದೆಯ ನಡುವೆ ಸೇರಿಕೊಳ್ಳುತ್ತದೆ. ಆದಕಾರಣ ಸದ್ದು ತಮಟೆಯನ್ನು ಹೊರಗಿನಿಂದಲೂ ತಳ್ಳುತ್ತದೆ, ಒಳಗಿನಿಂದಲೂ ತಳ್ಳುತ್ತದೆ. ಕೂಗು ಬಲಗಡೆಯಿಂದ ಬಂದರೆ ಬಲಗಾಲಿನಲ್ಲಿ ಈ ಎರಡು ತಳ್ಳಾಟ ಒಂದಕ್ಕೊಂದು ಸಹಾಯ ಮಾಡಿ ತಮಟೆ ಜೋರಾಗಿ ಅದುರುತ್ತದೆ. ಎಡಗಾಲಿನಲ್ಲಿ ಒಂದನ್ನೊಂದು ಹೊಡೆದುಹಾಕಿ ಸುಮ್ಮನಾಗುತ್ತದೆ. ಅಷ್ಟು ಸಣ್ಣ ಮೈಯಲ್ಲಿ ಎರಡು ಕಿವಿ ಅಷ್ಟು ಹತ್ತಿರ ಇದ್ದರೂ ದಿಕ್ಕು ತಿಳಿಯುವ ಗುಟ್ಟು ಇದು.

ತಮಟೆಯ ಒಳಗಡೆ ಒಂದೊಂದು ಕಾಲಿನಲ್ಲಿ 60ರಿಂದ 70 ನರಕೋಶಗಳು ಸಾಲಾಗಿ ಕೂತಿವೆ. ನಮ್ಮ ಒಂದು ಕಿವಿಯಲ್ಲಿ ಈ ಕೆಲಸಕ್ಕೆ ಸಾವಿರಾರು ಕೋಶಗಳು ಉಂಟು. ಚಿಮ್ಮಂಡೆಯ ಸಾಲಿನಲ್ಲಿ ಬಹುಪಾಲು ಕೋಶಗಳು ಗಂಡಿನ ಕೂಗಿನ ಸ್ವರಕ್ಕೇ ಹದಗೊಂಡಿವೆ. ಉಳಿದ ಕೆಲವು ಅದಕ್ಕಿಂತ ಬಹಳ ಮೇಲಿನ, ನಮ್ಮ ಕಿವಿಗೆ ನಿಲುಕದ ಕೀರಲು ಧ್ವನಿಗಾಗಿ ಕಾದು ಕೂತಿವೆ. ಆ ಕೀರಲು ಧ್ವನಿ ಯಾರದು ಎಂಬುದನ್ನು ಮುಂದೆ ಹೇಳುತ್ತೇವೆ.

ಈಗ ನರದ ಕೆಲಸ ತಿಳಿಯಬೇಕು. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ನರವೆಂದರೆ ಧ್ವನಿಯನ್ನೇ ಹೊತ್ತುಕೊಂಡು ಹೋಗುವ ಕೊಳವೆಯಲ್ಲ. ತಮಟೆ ಅದುರಿದಾಗ ನರಕೋಶದ ಗೋಡೆಯಲ್ಲಿರುವ ಸಣ್ಣ ಬಾಗಿಲುಗಳು ತೆರೆದು, ಹೊರಗಿನ ಉಪ್ಪಿನ ಅಂಶವಾದ ಸೋಡಿಯಂ ಒಳಕ್ಕೆ ನುಗ್ಗುತ್ತದೆ. ಒಂದು ಕ್ಷಣಕ್ಕೆ ಅಲ್ಲಿ ವಿದ್ಯುತ್ತಿನ ತುಡಿತ ಹುಟ್ಟುತ್ತದೆ. ಆ ಬಾಗಿಲು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಪಕ್ಕದ ಬಾಗಿಲು ತೆರೆಯುತ್ತದೆ, ಅದರ ಪಕ್ಕದ್ದು ತೆರೆಯುತ್ತದೆ; ಹೀಗೆ ತುಡಿತ ನರದ ಉದ್ದಕ್ಕೂ ಓಡುತ್ತದೆ. ಇಲ್ಲಿ ಒಂದು ವಿಶೇಷ: ಸದ್ದು ಜೋರಾದರೆ ತುಡಿತ ದೊಡ್ಡದಾಗುವುದಿಲ್ಲ. ತುಡಿತ ಯಾವಾಗಲೂ ಒಂದೇ ಅಳತೆ. ಜೋರು ಸದ್ದಿಗೆ ತುಡಿತಗಳು ಒಂದರ ಹಿಂದೆ ಒಂದು ಬೇಗ ಬೇಗ ಬರುತ್ತವೆ, ಅಷ್ಟೇ. ಡಂಗೂರದವನು ಒಂದೇ ಬಲದಲ್ಲಿ ಬಡಿಯುತ್ತಾ, ಅವಸರದ ಸುದ್ದಿಯಾದರೆ ಪೆಟ್ಟುಗಳನ್ನು ಹತ್ತಿರ ಹತ್ತಿರ ಬಡಿದ ಹಾಗೆ.

ಒಂದು ನರ ಮುಗಿದು ಇನ್ನೊಂದು ನರ ಶುರುವಾಗುವ ಕಡೆ ಸಣ್ಣ ಸಂದು ಇದೆ. ತುಡಿತ ಆ ಸಂದನ್ನು ಹಾರಲಾರದು. ಅಲ್ಲಿ ಮೊದಲ ನರ ಒಂದು ರಾಸಾಯನಿಕವನ್ನು ಚಿಮ್ಮಿಸುತ್ತದೆ. ಕೆಲವು ರಾಸಾಯನಿಕ 'ಹೊರಡು' ಎನ್ನುತ್ತದೆ, ಕೆಲವು 'ನಿಲ್ಲು' ಎನ್ನುತ್ತದೆ. ಹೇಳಿದ ಮಾತು ಕೂಡಲೇ ಅಳಿಸಿಹೋಗಬೇಕು. ಇಲ್ಲದಿದ್ದರೆ ಮುಂದಿನ ಮಾತಿಗೆ ಜಾಗವಿಲ್ಲ. ಈ ನಾಲ್ಕು ಸಂಗತಿಗಳನ್ನು ನೆನಪಿನಲ್ಲಿಡಿ: ಮುಚ್ಚುವ ಬಾಗಿಲು, 'ಹೊರಡು' ಎಂಬ ಮಾತು, 'ನಿಲ್ಲು' ಎಂಬ ಮಾತು, ಮಾತನ್ನು ಅಳಿಸುವ ಕೆಲಸ. ಕೊನೆಯಲ್ಲಿ ಇವು ಬೇಕಾಗುತ್ತವೆ.

ಕಾಲಿನಿಂದ ಹೊರಟ ಸುದ್ದಿ ಮೊದಲು ಎದೆಯಲ್ಲಿರುವ ನರಗಂಟಿಗೆ ಬರುತ್ತದೆ. ಅದನ್ನು ಹೋಬಳಿ ಕಚೇರಿ ಅನ್ನಿ. ಅಲ್ಲಿ ಎಡಕ್ಕೊಂದು ಬಲಕ್ಕೊಂದು ಜೋಡಿ ನರಕೋಶಗಳಿವೆ. ಗ್ರೀಕರ ಒಮೆಗಾ ಅಕ್ಷರದ ಆಕಾರ ಇರುವುದರಿಂದ ಅವಕ್ಕೆ ಒಮೆಗಾ ಕೋಶ ಎಂದೇ ಹೆಸರು. ಬಲದ ಕೋಶ ಎಡದ ಕಡೆಗೆ 'ನಿಲ್ಲು' ಅನ್ನುತ್ತದೆ, ಎಡದ್ದು ಬಲಕ್ಕೆ 'ನಿಲ್ಲು' ಅನ್ನುತ್ತದೆ. ಯಾವ ಕಡೆ ಸ್ವಲ್ಪ ಜೋರೋ ಅದು ಇನ್ನೊಂದರ ಬಾಯಿ ಮುಚ್ಚಿಸುತ್ತದೆ. ಹೀಗೆ ಎರಡು ಕಿವಿಗಳ ಅಲ್ಪ ವ್ಯತ್ಯಾಸ ಎದ್ದು ಕಾಣುವಂತಾಗುತ್ತದೆ. ಎರಡು ಗಂಡು ಎರಡು ಕಡೆ ಕೂಗುತ್ತಿದ್ದರೂ ಹೆಣ್ಣು ನಡುವೆ ಸಿಕ್ಕಿ ತಬ್ಬಿಬ್ಬಾಗುವುದಿಲ್ಲ.

ಅಲ್ಲಿಂದ ತಲೆಗೆ ಗಂಡಿನ ಕೂಗಿನ ಸುದ್ದಿ ಒಯ್ಯುವುದಕ್ಕೆ ಒಂದೊಂದು ಪಕ್ಕಕ್ಕೆ ಒಂದೇ ಒಂದು ನರಕೋಶ. ಹೌದು, ಒಂದೇ. ಅದು ಮಿದುಳಿಗೆ ಹೋಗಿ ಸೇರಿದ ಮೇಲೆ 'ಇದು ನಮ್ಮವನ ಕೂಗು' ಎಂಬ ತೀರ್ಮಾನ ಹೇಗೆ ಆಗುತ್ತದೆ ಎಂಬುದು ಬಹುಕಾಲ ಬಿಡಿಸಲಾಗದ ಗಂಟಾಗಿತ್ತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಬರ್ಟೋಲ್ಡ್ ಹೆಡ್ವಿಗ್ ಮತ್ತು ಅವರ ಸಂಗಡಿಗರು ಕೂದಲಿಗಿಂತ ಸಣ್ಣ ಗಾಜಿನ ಸೂಜಿಯನ್ನು ಒಂದೊಂದೇ ನರಕೋಶಕ್ಕೆ ಚುಚ್ಚಿ, ಕೂಗನ್ನು ಕೇಳಿಸಿ, ತುಡಿತವನ್ನು ಅಳೆದರು. 2015ರಲ್ಲಿ ಅದರ ವಿವರ ಹೊರಬಂತು. ಸುದ್ದಿ ತರುವ ಕೋಶವನ್ನೂ ಸೇರಿಸಿ ಐದು ಬಗೆಯ ನರಕೋಶಗಳೇ ಈ ಕೆಲಸ ಮಾಡುತ್ತವೆ.

ಇದು ನಿಮಗೆ ಸುಲಭವಾಗಿ ತಿಳಿಯುತ್ತದೆ, ಏಕೆಂದರೆ ನೀವು ನೀರು ಕಟ್ಟಿದವರು. ಒಂದು ತೂಬಿನಿಂದ ಎರಡು ಕಾಲುವೆ ಹೊರಟು ಒಂದೇ ಮಡಿಗೆ ಬರುತ್ತವೆ ಅಂತ ಇಟ್ಟುಕೊಳ್ಳಿ. ಒಂದು ನೇರ ಕಾಲುವೆ, ನೀರು ತಕ್ಷಣ ಬರುತ್ತದೆ. ಇನ್ನೊಂದು ಸುತ್ತು ಕಾಲುವೆ, ತಡವಾಗಿ ಬರುತ್ತದೆ. ಒಂದೇ ಕಾಲುವೆಯ ನೀರು ಬಂದರೆ ಮಡಿ ಅರ್ಧ ತುಂಬಿ ಇಂಗಿಹೋಗುತ್ತದೆ. ಎರಡೂ ಒಟ್ಟಿಗೆ ಬಂದರೆ ಮಾತ್ರ ಕೋಡಿ ಬೀಳುತ್ತದೆ. ಈಗ ತೂಬನ್ನು ಒಂದು ಸಲ ತೆರೆದು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆರೆಯಿರಿ. ಮೊದಲ ಸಲದ ನೀರು ಸುತ್ತು ಕಾಲುವೆಯಲ್ಲಿ ಬರುವುದಕ್ಕೂ, ಎರಡನೆಯ ಸಲದ ನೀರು ನೇರ ಕಾಲುವೆಯಲ್ಲಿ ಬರುವುದಕ್ಕೂ ಸರಿಹೋಯಿತೆಂದರೆ ಕೋಡಿ ಬಿತ್ತು. ತೂಬು ತೆರೆಯುವ ಅಂತರ ಹೆಚ್ಚಾದರೂ ಇಲ್ಲ, ಕಡಿಮೆಯಾದರೂ ಇಲ್ಲ.

ಚಿಮ್ಮಂಡೆಯ ಮಿದುಳಿನಲ್ಲಿ ಆಗುವುದು ಇದೇ. ಕೂಗಿನ ಮೊದಲ ತುಂಡು ಬಂದಾಗ ಒಂದು ಕೋಶ ಇನ್ನೊಂದು ಕೋಶವನ್ನು 'ನಿಲ್ಲು' ಎಂದು ಒತ್ತಿ ಹಿಡಿಯುತ್ತದೆ. ತುಂಡು ಮುಗಿದು ಹಿಡಿತ ಬಿಟ್ಟೊಡನೆ, ಬಗ್ಗಿಸಿ ಬಿಟ್ಟ ಬಿದಿರಿನ ಗಳು ಪುಟಿದಂತೆ ಆ ಕೋಶ ಪುಟಿದೇಳುತ್ತದೆ. ಇದೇ ಸುತ್ತು ಕಾಲುವೆ. ಅದೇ ಹೊತ್ತಿಗೆ ಕೂಗಿನ ಎರಡನೆಯ ತುಂಡು ನೇರ ದಾರಿಯಲ್ಲಿ ಬಂದರೆ ನಾಲ್ಕನೆಯ ಕೋಶದಲ್ಲಿ ಎರಡೂ ಕೂಡಿಕೊಂಡು ಕೋಡಿ ಬೀಳುತ್ತದೆ. ಐದನೆಯ ಕೋಶ ಉಳಿದ ಅರೆಬರೆ ಸದ್ದನ್ನೆಲ್ಲ ಜರಡಿ ಹಿಡಿದು, 'ಹೌದು, ನಮ್ಮವನೇ' ಎಂದು ಸಾರುತ್ತದೆ. ತಡ ಸುಮಾರು 40 ಪಾಲು. ಗಂಡಿನ ಕೂಗಿನಲ್ಲಿ ಒಂದು ತುಂಡಿನ ಆರಂಭದಿಂದ ಮುಂದಿನ ತುಂಡಿನ ಆರಂಭಕ್ಕೂ ಅಷ್ಟೇ. ಬೀಗಕ್ಕೆ ತಕ್ಕ ಕೀಲಿ. 'ಹೊರಡು' ಎನ್ನುವ ಮಾತಿನಷ್ಟೇ 'ನಿಲ್ಲು' ಎನ್ನುವ ಮಾತೂ ಇಲ್ಲಿ ಮುಖ್ಯ ಎಂಬುದನ್ನು ಗಮನಿಸಿ.

ಇನ್ನೊಂದು ಸೋಜಿಗ ಕೇಳಿ. ಕೂಗುವ ಗಂಡಿಗೆ ತನ್ನ ಕೂಗು ತನ್ನ ಕಿವಿಯ ಪಕ್ಕದಲ್ಲೇ ಬಡಿಯುತ್ತದೆ. ಅದು ಕಿವುಡಾಗಬೇಡವೇ? ಆಗುವುದಿಲ್ಲ. ರೆಕ್ಕೆ ಮುಚ್ಚು ಎಂದು ಆಜ್ಞೆ ಹೊರಡುವಾಗಲೇ ಒಂದು ವಿಶೇಷ ನರಕೋಶ 'ಈಗ ಬರುವ ಸದ್ದು ನಮ್ಮದೇ, ಲೆಕ್ಕಕ್ಕೆ ತೆಗೆದುಕೊಳ್ಳಬೇಡ' ಎಂದು ಕೇಳುವ ನರಗಳನ್ನು ತಡೆಯುತ್ತದೆ. ಎರಡು ತುಂಡಿನ ನಡುವಿನ ಮೌನದಲ್ಲಿ ತಡೆ ತೆಗೆದು ಹೊರಗಿನ ಸದ್ದಿಗೆ ಕಿವಿ ಕೊಡುತ್ತದೆ. ಇದನ್ನೂ ಕೇಂಬ್ರಿಜ್‌ನಲ್ಲೇ 2006ರಲ್ಲಿ ಕಂಡುಹಿಡಿದರು.

ಇನ್ನು ಆ ಕೀರಲು ಧ್ವನಿಯ ಸಮಾಚಾರ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾಡಿನ ಸಂದಿಯಿಂದ ಹೊರಟು ಹೊಲದ ಮೇಲೆ ಸುಳಿದಾಡುವ ಕಣ್ಣುಕಪ್ಪಡಿಯನ್ನು, ಅಂದರೆ ಹುಳು ತಿನ್ನುವ ಸಣ್ಣ ಬಾವಲಿಯನ್ನು ನೀವು ಬಲ್ಲಿರಿ. ಅದು ಹಾರುತ್ತಾ ಕೂಗುತ್ತಲೇ ಇರುತ್ತದೆ, ಆದರೆ ನಮಗೆ ಕೇಳಿಸದು. ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನದ ಮೇಲೆ ಹೋಗಲಾರದು. ಬಾವಲಿಯ ಕೂಗು ಸಾಮಾನ್ಯವಾಗಿ 20,000ದಿಂದ 1,00,000ದವರೆಗೆ. ಕೂಗು ಹುಳುವಿಗೆ ತಾಗಿ ಮರುದನಿ ಬಂದ ದಿಕ್ಕಿಗೆ ಅದು ಎರಗುತ್ತದೆ. ಹಾರುತ್ತಿರುವ ಚಿಮ್ಮಂಡೆಗೆ ಈ ಧ್ವನಿ ಬಿತ್ತೆಂದರೆ ಇನ್ನೊಂದು ಜೋಡಿ ನರಕೋಶ ತುಡಿದು, ಹುಳು ಥಟ್ಟನೆ ಎದುರು ದಿಕ್ಕಿಗೆ ತಿರುಗಿಬಿಡುತ್ತದೆ. ಅಮೆರಿಕದಲ್ಲಿ ನೋಲೆನ್ ಮತ್ತು ಹಾಯ್ ಎಂಬಿಬ್ಬರು 1984ರಲ್ಲಿ ತೋರಿಸಿದ ಸಂಗತಿ ಇದು: ಆ ಒಂದು ಕೋಶವನ್ನು ಕೆರಳಿಸಿದರೆ ಸಾಕು, ಧ್ವನಿ ಇಲ್ಲದೆಯೇ ಹುಳು ತಿರುಗುತ್ತದೆ. ಆದರೆ ಹಾರುವಾಗ ಮಾತ್ರ. ನೆಲದ ಮೇಲಿದ್ದಾಗ ಅದೇ ಕೋಶ ತುಡಿದರೂ ಹುಳು ಹಾಗೆ ತಿರುಗುವುದಿಲ್ಲ.

ಪತಂಗಗಳ ಕಥೆ ಇದಕ್ಕಿಂತ ಚಿಕ್ಕದು. ತೊಗರಿ, ಕಡಲೆ, ಹತ್ತಿಗೆ ಬೀಳುವ ಕಾಯಿಕೊರಕದ ಪತಂಗ; 2018ರಲ್ಲಿ ಶಿವಮೊಗ್ಗದ ಕಡೆ ಮುಸುಕಿನ ಜೋಳದಲ್ಲಿ ಮೊದಲು ಕಂಡು ಆಮೇಲೆ ದೇಶವನ್ನೆಲ್ಲ ಹರಡಿದ ಸೈನಿಕ ಹುಳುವಿನ ಪತಂಗ; ಇವು ಒಂದೇ ಕುಲದವು. ಈ ಕುಲದ ಪತಂಗಕ್ಕೆ ಎದೆಯ ಎರಡು ಪಕ್ಕದಲ್ಲಿ ಕಿವಿಗಳಿವೆ. ಒಂದೊಂದು ಕಿವಿಯಲ್ಲಿ ಕೇಳುವ ಕೋಶ ಎರಡೇ ಎರಡು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದ ಕೆನೆತ್ ರೋಡರ್ 1950ರ ದಶಕದಿಂದ ಇದನ್ನು ಪರೀಕ್ಷೆ ಮಾಡಿದರು. ಒಂದು ಕೋಶ ಬಹಳ ಸೂಕ್ಷ್ಮ. ಬಾವಲಿ 30 ಮೀಟರ್ ದೂರದಲ್ಲಿದ್ದಾಗಲೇ ತುಡಿಯುತ್ತದೆ, ಪತಂಗ ಮೆಲ್ಲಗೆ ದಾರಿ ಬದಲಿಸುತ್ತದೆ. ಇನ್ನೊಂದು ಕೋಶ ಮಂದ. ಬಾವಲಿ ತಲೆಯ ಮೇಲೆಯೇ ಬಂದಾಗ ತುಡಿಯುತ್ತದೆ. ಆಗ ಪತಂಗ ರೆಕ್ಕೆ ಮುದುರಿಕೊಂಡು ಧೊಪ್ಪನೆ ನೆಲಕ್ಕೆ ಬೀಳುತ್ತದೆ, ಇಲ್ಲವೆ ಸುತ್ತು ಸುತ್ತಾಗಿ ಹಾರುತ್ತದೆ. 'ದೂರ', 'ಹತ್ತಿರ' ಎಂಬ ಎರಡೇ ಮಾತು ಅದಕ್ಕೆ ಗೊತ್ತು. ಬದುಕುವುದಕ್ಕೆ ಅಷ್ಟು ಸಾಕು.

ಎಲ್ಲ ಹುಳುವೂ ಗಾಳಿಯ ಸದ್ದನ್ನೇ ಕೇಳುತ್ತದೆ ಅಂತ ತಿಳಿಯಬೇಡಿ. ಭತ್ತದ ಕಂದು ಜಿಗಿಹುಳು ಹೊಟ್ಟೆಯನ್ನು ಅದುರಿಸಿ ತೆಂಡೆಯ ಕಾಂಡದ ಮೂಲಕ ಸುದ್ದಿ ಕಳುಹಿಸುತ್ತದೆ; ಪಕ್ಕದ ಹುಳು ಕಾಲಿನಿಂದ ಅದನ್ನು ಹಿಡಿಯುತ್ತದೆ. ಗಂಡು ಸೊಳ್ಳೆ ತನ್ನ ಮೀಸೆಯ ಬುಡದಲ್ಲಿರುವ ನರಗಳಿಂದ ಹೆಣ್ಣಿನ ರೆಕ್ಕೆಯ ಗುಂಯ್‌ಗುಡುವಿಕೆಯನ್ನು ಕೇಳುತ್ತದೆ. ಯಾವ ಹುಳುವಿಗೆ ಯಾವುದು ಬೇಕೋ ಅದಕ್ಕೆ ತಕ್ಕ ಕಿವಿ, ಅದಕ್ಕೆ ತಕ್ಕ ನರ. ಮಿಕ್ಕ ಸದ್ದು ಅದರ ಪಾಲಿಗೆ ಇಲ್ಲ.

ಈಗ ನಮ್ಮ ಪ್ರಯೋಜನದ ಮಾತಿಗೆ ಬರೋಣ.

ಮೊದಲನೆಯದು ಹಣದ ಚೀಲ. 'ಈ ಪೆಟ್ಟಿಗೆಯನ್ನು ಗೋಡೆಗೆ ಸಿಕ್ಕಿಸಿ, ನಿಮಗೆ ಕೇಳಿಸದ ಧ್ವನಿ ಹೊರಡುತ್ತದೆ, ಸೊಳ್ಳೆ, ಜಿರಲೆ, ಎಲ್ಲ ಹುಳುವೂ ಓಡಿಹೋಗುತ್ತದೆ' ಎಂದು ಮಾರುವವರು ಇದ್ದಾರೆ. ಎಲ್ಲ ಹುಳುವಿಗೂ ಒಂದೇ ಕಿವಿ ಇಲ್ಲವಲ್ಲ, ಒಂದೇ ಧ್ವನಿಗೆ ಎಲ್ಲವೂ ಹೇಗೆ ಓಡುತ್ತವೆ ಎಂದು ನೀವೇ ಕೇಳಿ. ಸೊಳ್ಳೆ ಓಡಿಸುವ ಇಂಥ ಯಂತ್ರಗಳ ಮೇಲೆ ನಡೆದ 10 ಬಯಲು ಪರೀಕ್ಷೆಗಳನ್ನು 2007ರಲ್ಲಿ ಒಟ್ಟುಗೂಡಿಸಿ ತೂಗಿ ನೋಡಿದಾಗ, ಯಂತ್ರ ಇದ್ದರೂ ಇಲ್ಲದಿದ್ದರೂ ಸೊಳ್ಳೆ ಕೂರುವುದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಪತಂಗದ ವಿಷಯದಲ್ಲಿ ಮಾತ್ರ ಬೇರೆ ಅನುಭವ ಉಂಟು. ಕೆನಡಾದಲ್ಲಿ 1962ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಜೋಳದ ಹೊಲದ ಮೇಲೆ ಬಾವಲಿಯಂಥ ಧ್ವನಿಯನ್ನು ರಾತ್ರಿಯೆಲ್ಲ ಬಿಟ್ಟಾಗ ಕಾಂಡಕೊರಕದ ಬಾಧೆ ಅರ್ಧಕ್ಕಿಂತ ಕಡಿಮೆಯಾಯಿತು. ಕಿವಿ ಇರುವ ಹುಳುವಿಗೆ, ಅದು ಹೆದರುವ ಧ್ವನಿಯನ್ನೇ ಕೇಳಿಸಿದ್ದರಿಂದ ಅದು ಫಲಿಸಿತು. ಅಂಗಡಿಯ ಪೆಟ್ಟಿಗೆಗೂ ಅದಕ್ಕೂ ಹೋಲಿಕೆಯಿಲ್ಲ. ಆ ದುಡ್ಡಿಗೆ ಸೊಳ್ಳೆಪರದೆ ಕೊಳ್ಳಿ.

ಎರಡನೆಯದು ಬೆಳೆ. ಬಾವಲಿಯ ಕೂಗು ಕಿವಿಗೆ ಬಿದ್ದೊಡನೆ ಪತಂಗ ಹೀಗೆ ತಪ್ಪಿಸಿಕೊಳ್ಳುತ್ತದೆ ಎಂದರೆ, ಬಾವಲಿ ಎಷ್ಟು ಪತಂಗ ತಿನ್ನುತ್ತಿರಬೇಕು, ಊಹಿಸಿ. ಸೈನಿಕ ಹುಳುವಿನ ಒಂದು ಹೆಣ್ಣು ಪತಂಗ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಮೊಟ್ಟೆ ಇಡುವ ಮೊದಲೇ ಅಂಥದೊಂದು ಬಾವಲಿಯ ಬಾಯಿಗೆ ಬಿದ್ದರೆ ನಿಮಗೆ ಕೂಲಿಯಿಲ್ಲದೆ ಕೆಲಸವಾಯಿತು. ಹಳೆಯ ಮರದ ಪೊಟರೆ, ಪಾಳು ಮಂಟಪ, ಮಾಡಿನ ಸಂದಿಯಲ್ಲಿರುವ ಕಣ್ಣುಕಪ್ಪಡಿಗಳಿಗೆ ಅಪಶಕುನವೆಂದು ಹೊಗೆ ಹಾಕಬೇಡಿ. ಅವನ್ನು ಕೈಯಿಂದ ಮುಟ್ಟುವುದೂ ಬೇಡ, ಮಕ್ಕಳು ಹಿಡಿಯದಂತೆ ನೋಡಿಕೊಳ್ಳಿ. ಅವುಗಳ ಪಾಡಿಗೆ ಅವನ್ನು ಬಿಟ್ಟರೆ ಸಾಕು.

ಮೂರನೆಯದು ನಿಮ್ಮ ಮೈ. ನೆನಪಿನಲ್ಲಿಡಿ ಎಂದ ನಾಲ್ಕು ಸಂಗತಿಗಳನ್ನು ಈಗ ತೆಗೆಯಿರಿ. ನಾವು ಹೊಡೆಯುವ ಕೀಟನಾಶಕಗಳಲ್ಲಿ ಬಹಳಷ್ಟು ಹುಳುವಿನ ಹೊಟ್ಟೆಗಲ್ಲ, ನರಕ್ಕೆ ಹೊಡೆಯುವಂಥವು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯವು ಸೋಡಿಯಂ ಬಾಗಿಲು ಮುಚ್ಚದ ಹಾಗೆ ಮಾಡುತ್ತವೆ. ತುಡಿತ ನಿಲ್ಲುವುದೇ ಇಲ್ಲ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಜಾತಿಯ ರಂಜಕದ ವಿಷಗಳು ಸಂದಿನಲ್ಲಿ ಮಾತನ್ನು ಅಳಿಸುವ ಕೆಲಸವನ್ನು ತಡೆಯುತ್ತವೆ. 'ಹೊರಡು, ಹೊರಡು' ಎಂಬ ಕೂಗು ತುಂಬಿಹೋಗುತ್ತದೆ. ಎಂಡೋಸಲ್ಫಾನ್ 'ನಿಲ್ಲು' ಎಂಬ ಮಾತಿಗೇ ಕಿವಿ ಮುಚ್ಚಿಸುವ ವಿಷ. ಎತ್ತಿನ ಗಾಡಿ ಇಳಿಜಾರಿನಲ್ಲಿ ಮೂಗುದಾರ ಹರಿದು ಓಡಿದರೆ ಹೇಗೋ ಹಾಗೆ ನರ ಓಡುತ್ತದೆ. ಕಾಸರಗೋಡು, ದಕ್ಷಿಣ ಕನ್ನಡದ ಗೇರುತೋಪುಗಳ ಮೇಲೆ ಅದನ್ನು ಹೆಲಿಕಾಪ್ಟರಿನಿಂದ ಸುರಿದ ಕಡೆ ಜನರು ಪಟ್ಟ ಕಷ್ಟವನ್ನು ನಾಡೆಲ್ಲ ಬಲ್ಲದು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು.

ಹುಳುವಿಗೆ ಹೊಡೆದ ಔಷಧಿ ಮನುಷ್ಯನನ್ನು ಏಕೆ ಕೆಡಿಸಬೇಕು? ಏಕೆಂದರೆ ಚಿಮ್ಮಂಡೆಯ ನರಕ್ಕೆ ಇರುವ ಸೋಡಿಯಂ ಬಾಗಿಲೇ ನಮ್ಮ ನರಕ್ಕೂ ಇದೆ. ಆ 'ಹೊರಡು', ಆ 'ನಿಲ್ಲು', ಆ ಅಳಿಸುವ ಕೆಲಸ ನಮ್ಮಲ್ಲೂ ಉಂಟು. ನೋಡುವುದಕ್ಕೆ ಹುಳುವಿಗೂ ನಮಗೂ ಸಂಬಂಧವಿಲ್ಲ. ನರದ ಒಳಗೆ ನಾವು ನೆಂಟರು. ರಂಜಕದ ವಿಷ ಮೈಗೆ ಹತ್ತಿದವನಿಗೆ ಬೆವರು ಕಿತ್ತುಬರುವುದು, ಜೊಲ್ಲು ಸುರಿಯುವುದು, ಕಣ್ಣಿನ ಪಾಪೆ ಸೂಜಿಮೊನೆಯಾಗುವುದು, ಕೈಕಾಲು ಅದುರುವುದು, ಉಸಿರು ಕಟ್ಟುವುದು, ಎಲ್ಲವೂ ಅಳಿಸದೆ ಉಳಿದ ಆ 'ಹೊರಡು' ಎಂಬ ಮಾತಿನ ಫಲ.

ಆದ್ದರಿಂದ ಬರಿಗೈಯಲ್ಲಿ ಔಷಧಿ ಕಲಸಬೇಡಿ. ಗಾಳಿಗೆ ಎದುರಾಗಿ ಸಿಂಪಡಿಸಬೇಡಿ. ಮೂಗುಬಾಯಿಗೆ ಮುಸುಕು, ಕೈಗೆ ಗವಸು, ಮೈತುಂಬ ಬಟ್ಟೆ ಇರಲಿ. ಆ ಕೈಯಲ್ಲಿ ಬೀಡಿ, ಎಲೆಅಡಿಕೆ ಬೇಡವೇ ಬೇಡ. ಕೆಲಸ ಮುಗಿದೊಡನೆ ಸೋಪು ಹಚ್ಚಿ ಮೈ ತೊಳೆಯಿರಿ. ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬಾರದು; ಒಗೆಯುವ ಕೈ ತಾಯಿಯದೋ ಹೆಂಡತಿಯದೋ ಆಗಿರುತ್ತದೆ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಬೇಡಿ. ಯಾರಿಗಾದರೂ ಮೇಲೆ ಹೇಳಿದ ಲಕ್ಷಣ ಕಂಡರೆ ನೆರಳಿಗೆ ತಂದು, ಬಟ್ಟೆ ಕಳಚಿ, ಸೋಪುನೀರಿನಲ್ಲಿ ಮೈ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಔಷಧಿಯ ಡಬ್ಬಿಯ ಚೀಟಿಯನ್ನು ಮರೆಯದೆ ಜೊತೆಗೆ ಒಯ್ಯಿರಿ. ಯಾವ ವಿಷ ಎಂದು ತಿಳಿದರೆ ವೈದ್ಯರು ಅದಕ್ಕೆ ತಕ್ಕ ಮದ್ದು ಕೊಡುತ್ತಾರೆ. ಹೊಡೆಯಲೇಬೇಕಾದಾಗ ಹೇಳಿದ ಅಳತೆಯಲ್ಲಿ ಹೊಡೆಯಿರಿ. ಹುಳು ಕಂಡ ಕೂಡಲೇ ಪಂಪು ಹೆಗಲಿಗೇರಿಸುವ ಅಭ್ಯಾಸ ಬೇಡ.

ಮಕ್ಕಳಿಗೆ ಒಂದು ಕೆಲಸ ಹೇಳಿ. ಒಂದು ಚಿಮ್ಮಂಡೆಯನ್ನು ನೋವಾಗದಂತೆ ಗಾಜಿನ ಲೋಟದಲ್ಲಿ ಹಿಡಿದು, ಮುಂಗಾಲಿನ ಮೊಣಕಾಲಿನ ಕೆಳಗೆ ಬೆಳಕು ಹಾಯಿಸಿ ನೋಡಲಿ. ಬಿಳಿಚಾಗಿ ಹೊಳೆಯುವ ಒಂದು ಸಣ್ಣ ಚುಕ್ಕೆ ಕಾಣುತ್ತದೆ. ಅದೇ ಕಿವಿ. ನೋಡಿಯಾದ ಮೇಲೆ ಹಿಡಿದ ಜಾಗದಲ್ಲೇ ಬಿಟ್ಟುಬಿಡಲಿ.